ಬೀಗರ ಪದಗಳ ಪೆಟ್ಟಿಗೆ

ನಮ್ಮಪ್ಪನ ನಗು ಉಳಿದಿದ್ದದ್ದು ಒಂದೇ ಕಡೆ. ನನ್ನ ಮದುವೆಯಲ್ಲಿ ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಅಪ್ಪನನ್ನು ಜರಿದು ಹಾಡಿದ ಪದವೊಂದಿದೆ. ಅದರ ಕೊನೆಯಲ್ಲಿ ಅಪ್ಪ ನಗುತ್ತಾನೆ. ಹಾಡಿದವರು ನಮ್ಮತ್ತೆ. ಟೇಪ್ ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ನಮ್ಮ ಮಾವ. ಅಪ್ಪ ಹೋಗಿ ಆರು ವರ್ಷವಾಯಿತು, ಮಾವ ಹೋಗಿದ್ದು ಅದಕ್ಕೂ ಮುಂಚೆ. ಅತ್ತೆಗೆ ಗಂಟಲಿನ ಆಪರೇಷನ್ ಆದ ಮೇಲೆ ಮಾತು ಉಳಿಯಿತು, ಹಾಡು ಉಳಿಯಲಿಲ್ಲ.

ಬೀಗರನ್ನು ಜರಿಯುವುದು ನಮ್ಮ ಕಡೆಯ ಮದುವೆಗಳಲ್ಲಿ ಸೋಬಾನೆ ಹಾಡುವವರ ಹಕ್ಕು. ಊಟಕ್ಕೆ ಕೂತ ಬೀಗರ ಮೂಗು, ಹೊಟ್ಟೆ, ಜಿಪುಣತನ, ಸವೆದ ಚಪ್ಪಲಿ, ಯಾವುದನ್ನೂ ಬಿಡದೆ ಅಲ್ಲೇ ಪದ ಕಟ್ಟಿ ಹಾಡುತ್ತಾರೆ. ಜರಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ಜಾಣರಾದರೆ ತಿರುಗಿ ಒಂದು ಮಾತು ಎಸೆಯಬೇಕು, ಇಲ್ಲವಾದರೆ ತಲೆ ತಗ್ಗಿಸಿ ಪಾಯಸ ಉಣ್ಣಬೇಕು. ಅತ್ತೆ ಈ ಕೆಲಸದಲ್ಲಿ ಮಗ್ಗೆಯಿಂದ ಹೆಗ್ಗದ್ದೆಯವರೆಗೆ ಹೆಸರು ಮಾಡಿದವರು. ಅವರು ಬಂದಿದ್ದಾರೆ ಅಂತ ಗೊತ್ತಾದರೆ ಬೀಗರು ಪಂಕ್ತಿಗೆ ಬರುವ ಮುಂಚೆ ಬಚ್ಚಲಿಗೆ ಹೋಗಿ ಕನ್ನಡಿ ನೋಡಿಕೊಂಡು ಬರುತ್ತಿದ್ದರಂತೆ.

ಅಪ್ಪನಿಗೆ ಬಿದ್ದ ಪದ ಇದು:

ಪೇಟದೊಳಗೇನೈತೆ ಬಿಚ್ಚಿ ತೋರಿ ಬೀಗರೆ
ಕೋಳಿ ಗೂಡಲ್ಲಿ ಕದ್ದ ಮೊಟ್ಟೆ ಆರು

ಅಪ್ಪ ದೊಡ್ಡದಾಗಿ ನಕ್ಕು, "ಐದೇ ಕಣ್ ಬೀಗಿತ್ತಿ, ಒಂದು ಒಡ್ದೋಯ್ತು" ಅನ್ನುತ್ತಾನೆ. ಪಂಕ್ತಿಗೆ ಪಂಕ್ತಿಯೇ ನಗುತ್ತದೆ.

ಮಾವ ತುಂಬಿಸಿಟ್ಟ ಹನ್ನೆರಡು ಕ್ಯಾಸೆಟ್ಟುಗಳನ್ನು ಹಾಸನದ ಅಂಗಡಿಯೊಂದಕ್ಕೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದ್ದೆವು. ಬೂಷ್ಟು ಹಿಡಿದ ಟೇಪು ಒಂದು ಸಲ ಓಡಿ, ಎರಡನೇ ಸಲಕ್ಕೆ ತುಂಡು ತುಂಡಾಯಿತು ಅಂತ ಅಂಗಡಿಯವರು ಖಾಲಿ ಡಬ್ಬಿಗಳನ್ನು ವಾಪಸ್ಸು ಕೊಟ್ಟರು. ಅಲ್ಲಿಗೆ ಪೆನ್‌ಡ್ರೈವೇ ಗತಿ. ಅದು ಯಾವ ಡ್ರಾಯರಿನಲ್ಲಿದೆ ಅಂತ ನಾನು ವಾರಕ್ಕೊಮ್ಮೆ ನೋಡುತ್ತಿದ್ದೆ.

ಇದನ್ನು ಗಮನಿಸಿದವನು ನನ್ನ ಮೈದುನ. ಅವನು ಗುಡ್ಡದಾಚೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಆಫೀಸಿನವರು ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಸ್ಟೋರಿಗೆ ಹಾಕಿದಾಗ ಕೇಳಿ ಇಸಕೊಂಡು, ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ತಂದ. ದಸರಾ ಕಳೆದಿತ್ತು, ಕಾಫಿ ಹಣ್ಣಿನ ಕೊಯ್ಲಿಗೆ ಇನ್ನೂ ತಿಂಗಳಿತ್ತು. ಮೂರು ವಾರ ಫೋನಿನಲ್ಲಿ ವಿಡಿಯೋ ನೋಡಿಕೊಂಡು ಅದರ ಹೊಟ್ಟೆ ಬಿಚ್ಚಿದ, ಧೂಳು ಊದಿದ, ಒಂದು ಹೊಸ ಡಿಸ್ಕ್ ಕೂರಿಸಿದ. ಕೊನೆಗೆ ಮೆಣಸಿನ ಚೀಲ ಇಡುವ ಕೋಣೆಯ ಹಲಗೆಯ ಮೇಲೆ ಇಟ್ಟು, ಥಂಡಿ ಹಿಡಿಯದಿರಲಿ ಅಂತ ಪಕ್ಕದಲ್ಲಿ ಒಂದು ಬಲ್ಬು ಉರಿಸಿ, ಇದೇ ನಮ್ಮ ಮನೆಯ ಸರ್ವರ್ ಅಂದ. ಹಾಡು, ಫೋಟೋ, ಸಿನಿಮಾ ಎಲ್ಲ ಇದರೊಳಗೆ. ಟವರ್ ಕೈಕೊಟ್ಟರೂ ಮನೆಯ ವೈಫೈ ಒಂದಿದ್ದರೆ ಟೀವಿಯಲ್ಲಿ ಬರುತ್ತದೆ, ನಮ್ಮ ಫೋಟೋಗಳನ್ನು ಯಾವುದೋ ದೇಶದ ಕಂಪನಿಯ ಉಗ್ರಾಣದಲ್ಲಿ ಇಡುವ ದರ್ದು ನಮಗೇನು ಅಂತ ಅವನ ವಾದ.

ಅತ್ತೆ ಮೆಣಸಿನ ಕೋಣೆಯ ಬಾಗಿಲಲ್ಲಿ ನಿಂತು ಅದರ ನೀಲಿ ದೀಪವನ್ನು ಬಹಳ ಹೊತ್ತು ನೋಡಿದರು.

"ಯಾರೂ ಮುಟ್ಟದೇ ಇದ್ದಾಗ್ಲೂ ಕಣ್ ಮಿಟುಕಿಸ್ತೈತಲ್ಲ, ಯಾರಿಗ್ ಸನ್ನೆ ಮಾಡ್ತೈತೆ?"

ಮೈದುನ ಏನೋ ವಿವರಿಸಲು ಹೋದ. ಅತ್ತೆ ಕೇಳಿಸಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ದೀಪದ ಮೇಲೆ ನಂಬಿಕೆ ಬರಲಿಲ್ಲ. ಟೀವಿ ಆರಿಸಿ ಎಲ್ಲರೂ ತೋಟದಲ್ಲಿದ್ದಾಗಲೂ ಅದು ಮಿಟುಕುತ್ತಿತ್ತು.

ಪೆನ್‌ಡ್ರೈವಿನಲ್ಲಿದ್ದದ್ದನ್ನೆಲ್ಲ ಸರ್ವರಿಗೆ ಸುರಿದು, ಅದನ್ನು ಖಾಲಿ ಮಾಡಿ ಮೈದುನ ಸಿನಿಮಾ ತರಲು ಒಯ್ದ. ಪದಗಳನ್ನು ಒಂದೊಂದಾಗಿ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನ ಊಟವಾದ ಮೇಲೆ ಅತ್ತೆಯನ್ನು ಪಕ್ಕ ಕೂರಿಸಿಕೊಂಡು ಒಂದೊಂದೇ ಕೇಳುವುದು, ಎಲ್ಲಿ ಶುರು, ಎಲ್ಲಿ ಕೊನೆ ಅಂತ ಬರೆದುಕೊಳ್ಳುವುದು, ಇದು ಯಾರ ಮೇಲೆ ಕಟ್ಟಿದ್ದು ಅಂತ ಅತ್ತೆಯನ್ನು ಕೇಳುವುದು. ಅವರಿಗೆ ಒಂದೂ ಮರೆತಿರಲಿಲ್ಲ. ಇದು ಆಲೂರಿನ ಬೀಗರ ಅಣ್ಣ, ಅವನು ಮೂರು ಸಲ ಸಾರು ಹಾಕಿಸಿಕೊಂಡಿದ್ದ. ಇದು ಎಸ್ಟೇಟಿನ ಆಳುಗಳ ಲೈನ್ ಮನೆಗಳ ಹತ್ತಿರ ಅಂಗಡಿ ಇಟ್ಟಿದ್ದವನು, ತಕ್ಕಡಿ ಮೇಲೆ ಕಟ್ಟಿದ್ದೆ. ಹೀಗೆ ಎಂಬತ್ತಾರು ಪದಗಳಾದವು. ಎಂಬತ್ತಾರನ್ನೂ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅತ್ತೆಗೆ ಪರದೆಯ ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲವೆಂದು ಮೈದುನ ಹಳೆಯ ಮದುವೆ ಆಲ್ಬಮ್ಮುಗಳಿಂದ ಹುಡುಕಿ, ಯಾರನ್ನು ಜರಿದಿದೆಯೋ ಅವರ ಮುಖವನ್ನೇ ಆ ಪದದ ಚಿತ್ರವಾಗಿ ಹಾಕಿದ. ಟೀವಿ ಹಾಕಿದರೆ ಸಾಲು ಸಾಲು ಬೀಗರು. ಅಪ್ಪ ಎರಡನೇ ಸಾಲಿನಲ್ಲಿದ್ದ, ಪೇಟ ಸ್ವಲ್ಪ ಬಲಕ್ಕೆ ವಾಲಿ.

ಸರ್ವರಿಗೆ ಬೀಗ ಹಾಕುವ ವಿಷಯ ಬಂದಾಗ ಮೈದುನ ನಕ್ಕುಬಿಟ್ಟ. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಗುಟ್ಟಿನ ಪದ ಇಡಬಹುದಂತೆ. ಮನೆಯವರಿಗೆ ಯಾಕೆ ಬೀಗ ಅಂತ ಎಲ್ಲರಿಗೂ ಸೇರಿ ಒಂದೇ ಹೆಸರು ಕೊಟ್ಟ: ಮನೆ. ನೋಡುವುದು, ಸೇರಿಸುವುದು, ಅಳಿಸುವುದು ಎಲ್ಲವೂ ಆ ಒಂದು ಹೆಸರಿಗೆ. ನಮ್ಮಲ್ಲಿ ಸಕ್ಕರೆ ಡಬ್ಬಿಗೂ ಬೀಗವಿಲ್ಲ, ಆದ್ದರಿಂದ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ.

ಜನವರಿಯಲ್ಲಿ, ಕೊಯ್ಲಿನ ಗಡಿಬಿಡಿ ಕಡಿಮೆಯಾದ ಒಂದು ಭಾನುವಾರ, ಅಪ್ಪನ ಪದ ಹಾಕೋಣವೆಂದು ಕೂತೆ. ಎರಡನೇ ಸಾಲಿನಲ್ಲಿ ಅಪ್ಪ ಇರಲಿಲ್ಲ. ಗೋಡೆಯಿಂದ ಫೋಟೋ ತೆಗೆದರೆ ಮೊಳೆಯಾದರೂ ಉಳಿಯುತ್ತದೆ, ಸುತ್ತ ಬಿಳಿ ಗುರುತಿರುತ್ತದೆ. ಇಲ್ಲಿ ಹಾಗಲ್ಲ. ಪಕ್ಕದ ಬೀಗರು ಸರಿದು ಬಂದು ಆ ಜಾಗದಲ್ಲಿ ಕೂತುಬಿಟ್ಟಿದ್ದರು. ಎಲ್ಲ ಸಾಲನ್ನೂ ಎಣಿಸಿದೆ. ಎಂಬತ್ತಮೂರು. ನೋಟ್‌ಬುಕ್ ತಂದು ಒಂದೊಂದಕ್ಕೂ ಗೀಟು ಹಾಕಿದೆ. ಅಪ್ಪನ ಜೊತೆಗೆ ಇನ್ನಿಬ್ಬರು ಹೋಗಿದ್ದರು.

ಮೈದುನ ಸಂಜೆ ಬಂದವನು ಯಂತ್ರದೊಳಗಿನ ದಾಖಲೆ ತೆಗೆದು ತೋರಿಸಿದ. ಯಾರು ಯಾವಾಗ ಏನು ಮಾಡಿದರು ಅಂತ ಅದು ಬರೆದುಕೊಳ್ಳುತ್ತದಂತೆ. ಬುಧವಾರ ಮಧ್ಯಾಹ್ನ ಎರಡೂಕಾಲು, ಮೂರು ಹಾಡು ಅಳಿಸಲಾಗಿದೆ. ಅಳಿಸಿದವರು: ಮನೆ.

"ನೀವೇ ಏನೋ ಒತ್ಬುಟ್ಟಿರ್ಬೇಕು ಅತ್ತಿಗೆ" ಅಂದ.

ನಾನು ಒತ್ತಿರಲಿಲ್ಲ. ಬುಧವಾರ ನಾನು ಆಲೂರಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡು ಕೂತಿದ್ದೆ. ಆದರೆ ಅವನು ಅಷ್ಟು ಬೇಗ ನನ್ನ ಮೇಲೆ ಹಾಕಿದ್ದು ನೋಡಿ ನನಗೆ ಅವನ ಮೇಲೆಯೇ ಅನುಮಾನ ಬಂತು. ಹಿಂದಿನ ವಾರವಷ್ಟೇ ಡಿಸ್ಕಿನಲ್ಲಿ ಜಾಗ ಸಾಲುತ್ತಿಲ್ಲ ಅನ್ನುತ್ತಿದ್ದ. ತಾನು ತುಂಬಿದ ಸಿನಿಮಾಗಳಿಗೆ ಜಾಗ ಮಾಡಲು ಹಳೆಯ ಪದ ಒಂದೆರಡು ತೆಗೆದಿರಬೇಕು, ಯಾರಿಗೂ ಗೊತ್ತಾಗುವುದಿಲ್ಲವೆಂದುಕೊಂಡು. ಈ ಹಾಡು ಎಷ್ಟು ಜಾಗ ಹಿಡಿಯುತ್ತದೆ ಅಂತ ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಒಂದು ಸಿನಿಮಾದ ಜಾಗದಲ್ಲಿ ಎಂಬತ್ತಾರೂ ಹಿಡಿದು ಇನ್ನೂ ಮಿಗುತ್ತದೆ ಅಂದ. ಆ ಉತ್ತರ ಸರಿಯಾಗಿಯೇ ಇತ್ತು. ಆದರೂ ಅವನು ಊಟಕ್ಕೆ ಕೂತಾಗ ನಾನು ತುಪ್ಪ ಬಡಿಸಲಿಲ್ಲ.

ಎರಡನೆಯ ಅನುಮಾನ ಓರಗಿತ್ತಿಯ ಮೇಲೆ, ಅಂದರೆ ಅವನ ಹೆಂಡತಿಯ ಮೇಲೆ. ನಮ್ಮಿಬ್ಬರದು ಒಂದೇ ಅಡುಗೆಮನೆ, ಇಪ್ಪತ್ತು ವರ್ಷದಿಂದ ಒಂದೇ ಒಲೆ. ಅವಳು ಈ ಪದಗಳನ್ನು ಕೇಳಿ ಒಂದು ಸಲ, ಬರೀ ಬೈಗುಳವಪ್ಪ ಅಂದಿದ್ದಳು. ಸೀರಿಯಲ್ಲಿನ ಹಳೆಯ ಕಂತುಗಳನ್ನು ಸರ್ವರಿಗೆ ತುಂಬಿಸಿಕೊಂಡು ಮಧ್ಯಾಹ್ನ ಅತ್ತೆಯೊಂದಿಗೆ ನೋಡುತ್ತಿದ್ದವಳೂ ಅವಳೇ. ಮಧ್ಯಾಹ್ನ ಎರಡೂಕಾಲು ಅಂದರೆ ಅದೇ ಹೊತ್ತು.  ಆ ದಿನದಿಂದ ತೋಟಕ್ಕೆ ಹೋಗುವಾಗ ಟೀವಿಯ ರಿಮೋಟನ್ನು ರಾಗಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ಹೋಗತೊಡಗಿದೆ. ಮೂರನೆಯ ದಿನ ಅದು ಟೀವಿಯ ಪಕ್ಕದಲ್ಲೇ ಇತ್ತು, ಮೇಲೆ ಒಂದಿಷ್ಟು ಹಿಟ್ಟು ಮೆತ್ತಿಕೊಂಡು.  ಅಂದಿನಿಂದ ಓರಗಿತ್ತಿ ಬೆಳಗಿನ ಕಾಫಿಯನ್ನು ನನ್ನ ಕೈಗೆ ಕೊಡುವುದು ಬಿಟ್ಟು ಕಟ್ಟೆಯ ಮೇಲೆ ಇಟ್ಟು ಹೋಗತೊಡಗಿದಳು.

ಪ್ರತಿದಿನ ಸಂಜೆ ಮುಖ ತೊಳೆದು ಟೀವಿಯ ಮುಂದೆ ಕೂತು ಎಣಿಸುತ್ತಿದ್ದೆ. ಎಂಬತ್ತಮೂರು. ಎಂಬತ್ತಮೂರು. ನನ್ನ ಗಂಡ ಇದನ್ನು ನೋಡಿ, ಕೋಳಿ ಗೂಡಿಗೆ ಹಾಕುವಾಗಲೂ ನೀನು ಇಷ್ಟು ಎಣಿಸಿದ್ದು ಕಾಣೆ ಅಂದರು. ನನಗೆ ನಗು ಬರಲಿಲ್ಲ. ಮೈದುನನಿಗೆ ಹೇಳಿ ಅಳಿಸಿದ್ದನ್ನು ಹಿಂದಕ್ಕೆ ತರಲಾಗುತ್ತದೆಯೇ ಅಂತ ಕೇಳಬಹುದಿತ್ತು. ಕೇಳಲಿಲ್ಲ. ಅಳಿಸಿದವನೇ ಅವನಾಗಿದ್ದರೆ ತಂದು ಕೊಡುವ ನೆಪದಲ್ಲಿ ಇನ್ನೂ ಏನೇನು ಮಾಡುತ್ತಾನೋ ಅನ್ನುವ ಅನುಮಾನ. ಮನಸ್ಸು ಒಂದು ಸಲ ಆ ಕಡೆ ತಿರುಗಿದರೆ ಅದಕ್ಕೆ ಸಹಾಯ ಮಾಡಲು ಬಂದವರೂ ಕಳ್ಳರ ಹಾಗೇ ಕಾಣುತ್ತಾರೆ.

ಫೆಬ್ರವರಿಯಲ್ಲಿ ಓರಗಿತ್ತಿಯ ಸೋದರಮಾವ ಹೆಗ್ಗದ್ದೆಯಲ್ಲಿ ತೀರಿಕೊಂಡರು. ಅವಳನ್ನು ಎತ್ತಿ ಆಡಿಸಿದವರು, ಅವಳ ಮದುವೆಗೆ ಮುಂದೆ ನಿಂತವರು. ಆ ಮದುವೆಯಲ್ಲಿ ಅತ್ತೆ ಅವರ ಮೀಸೆಯ ಮೇಲೆ ಕಟ್ಟಿದ ಪದ ನಮ್ಮ ಪೆಟ್ಟಿಗೆಯಲ್ಲಿತ್ತು. ಹನ್ನೊಂದನೆಯ ದಿನದ ತಿಥಿಗೆ ಎಲ್ಲರೂ ಹೋಗಿ, ಊಟ ಮಾಡಿ, ಸಂಜೆಯ ಬಸ್ಸಿಗೆ ಬಂದೆವು. ಮಾರನೆಯ ದಿನ ಸಂಜೆ ಎಣಿಸಿದರೆ ಎಂಬತ್ತೆರಡು. ನಾನು ಇನ್ನೊಂದು ಸಲ ಎಣಿಸುವಷ್ಟರಲ್ಲಿ ಓರಗಿತ್ತಿ ಬಂದು ಹಿಂದೆ ನಿಂತಿದ್ದಳು. ಅವಳೂ ಹುಡುಕುತ್ತಿದ್ದಳು.

"ಎಲ್ಲಕ್ಕ ನಮ್ಮ ಮಾವ?"

ಗೊತ್ತಿಲ್ಲವೆಂದೆ.

"ನಿಮ್ಮಪ್ಪಂದು ಹೋಯ್ತು ಅಂತ ನಮ್ಮ ಮಾವಂದೂ ತೆಗ್ದ್ಬುಟ್ರಾ? ದಿನಾ ಕೂತು ಎಣಿಸ್ತಿರೋದು ಇದಕ್ಕೇನಾ?"

ಅವಳ ಕಣ್ಣಲ್ಲಿ ನೀರಿತ್ತು. ನಾನು ಅವಳ ಮೇಲೆ ಎಷ್ಟು ದಿನದಿಂದ ಅನುಮಾನಪಟ್ಟಿದ್ದೆನೋ ಅವಳು ನನ್ನ ಮೇಲೆ ಅಷ್ಟೇ ದಿನದಿಂದ ಪಟ್ಟಿದ್ದಳು. ರಿಮೋಟನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡುವ ಹೆಂಗಸನ್ನು ಯಾರು ತಾನೇ ನಂಬುತ್ತಾರೆ? ನಾನು ಅಳಿಸಿಲ್ಲವೆಂದು ಹೇಳುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ, ಆ ನೋಟ್‌ಬುಕ್ ಬಿಟ್ಟರೆ. ತಂದು ಅವಳ ಮುಂದೆ ಬಿಚ್ಚಿದೆ. ಹೋದ ಮೂವರ ಹೆಸರಿಗೆ ಆಗಲೇ ಸುತ್ತು ಹಾಕಿದ್ದೆ, ನಾಲ್ಕನೆಯದಕ್ಕೆ ಅವಳ ಮುಂದೆಯೇ ಹಾಕಿದೆ. ಅವಳು ಬೆರಳಿಟ್ಟು ಓದಿದಳು: ನಮ್ಮಪ್ಪ. ತಕ್ಕಡಿಯವನು. ಆಲೂರಿನ ಬೀಗರ ಅಣ್ಣ. ತನ್ನ ಸೋದರಮಾವ.

"ಇವ್ರೆಲ್ಲ ಇಲ್ಲ ಅಲ್ವಾ ಅಕ್ಕ ಈಗ" ಅಂದಳು.

ಪಟ್ಟಿಯಲ್ಲಿ ಉಳಿದವರನ್ನೆಲ್ಲ ನೋಡಿದೆವು. ಉಳಿದ ಎಂಬತ್ತೆರಡು ಪದಗಳ ಬೀಗರು, ನಮಗೆ ಗೊತ್ತಿದ್ದ ಮಟ್ಟಿಗೆ, ಬದುಕಿದ್ದರು. ಮಂಡಿ ನೋವಿನವರು, ಕಣ್ಣು ಮಂಜಾದವರು, ಹಾಸಿಗೆ ಹಿಡಿದವರು, ಆದರೆ ಬದುಕಿದ್ದರು. ನಾವಿಬ್ಬರೂ ಒಂದೇ ಸಲ ಮೆಣಸಿನ ಕೋಣೆಯ ಕಡೆ ನೋಡಿದೆವು. ಯಂತ್ರಕ್ಕೆ ಯಾರು ಸತ್ತರು ಅಂತ ಗೊತ್ತಾಗುವುದಾದರೂ ಹೇಗೆ?  ಓರಗಿತ್ತಿ ತಗ್ಗಿದ ದನಿಯಲ್ಲಿ, ಅತ್ತೆಗೆ ರಿಮೋಟಿನಲ್ಲಿ ಅಳಿಸುವುದನ್ನು ತಾನೇ ಹೇಳಿಕೊಟ್ಟಿದ್ದೆ ಅಂದಳು. ಸಂಕ್ರಾಂತಿ ಆದ ಮೇಲೆ. ಜಾಗ ಸಾಲದೆಂದು ಗಂಡ ಗೊಣಗುತ್ತಿದ್ದುದರಿಂದ, ನೋಡಿ ಮುಗಿದ ಕಂತುಗಳನ್ನು ತೆಗೆಯಲಿ ಅಂತ. ನಡುವಿನ ಗುಂಡಿಯನ್ನು ಒತ್ತಿ ಹಿಡಿದರೆ ಕಸದ ಬುಟ್ಟಿಯ ಚಿತ್ರ ಬರುತ್ತದೆ, ಅದನ್ನು ಒತ್ತಿದರಾಯಿತು. ಅಕ್ಷರ ಬೇಕಾಗಿಯೇ ಇಲ್ಲ.

ಮುಖ ಹಾಕಿಕೊಟ್ಟವನು ಮೈದುನ, ಬುಟ್ಟಿ ತೋರಿಸಿದವಳು ಓರಗಿತ್ತಿ, ಯಾರು ಯಾರೆಂದು ಬಾಯಿಂದಲೇ ಹೇಳಿಸಿ ನೆನಪು ಹಸಿ ಮಾಡಿದವಳು ನಾನು.

ಅತ್ತೆ ಮಾರನೆಯ ಬೆಳಿಗ್ಗೆ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಒಂದು ಮೊರ ತೆಗೆದುಕೊಂಡು ಕೂತೆ. ಸುತ್ತಿ ಬಳಸಿ ಕೇಳುವ ಶಕ್ತಿ ಉಳಿದಿರಲಿಲ್ಲ. ಅಪ್ಪನ ಪದ ನೀವು ತೆಗೆದಿರಾ ಅಂತ ಕೇಳಿದೆ.

"ಹೂಂ. ನಾನೇ ತೆಗ್ದೆ" ಅಂದರು, ಕಾಯಿಯಿಂದ ಕಣ್ಣೆತ್ತದೆ.

"ಯಾಕತ್ತೆ?"

"ಸತ್ತೋರ್ನ ಜರೀಬಾರ್ದು ಕಣವ್ವ. ಪಂಕ್ತೀಲಿ ಎದುರಿಗೆ ಕೂತಿದ್ರೆ ಜರೀಬೌದು. ತಿರುಗಿ ಒಂದು ಮಾತಾಡೋಕೆ ಅವ್ನಿಗೂ ಬಾಯಿ ಇರ್ತದೆ. ತಿಥಿ ಉಂಡು ಬಂದು, ಮನೇಲಿ ಕೂತು ಮೀಸೆ ಹಂಗೈತೆ ಹಿಂಗೈತೆ ಅಂತ ಹಾಡಿಸ್ತೀರಲ್ಲ, ಅದೂ ನನ್ ಬಾಯಲ್ಲಿ."

ಆ ಪದ ಹಾಡಿ ಮುಗಿಸಿ ಎಲೆ ಎತ್ತಿದಾಗಲೇ ಅದು ಮುಗಿಯಿತು ಅಂದರು. ನಿಮ್ಮ ಮಾವನಿಗೆ ಹುಚ್ಚು, ತುಂಬಿಸಿಟ್ಟರು. ಡಬ್ಬಿಯಲ್ಲಿ ಇದ್ದಷ್ಟು ದಿನ ಯಾರಿಗೂ ಕೇಳುತ್ತಿರಲಿಲ್ಲ, ಈಗ ಮುಖ ಬೇರೆ ಅಂಟಿಸಿದ್ದೀರಿ ಅಂತ ಒಂದೇ ಸಮನೆ ಹೇಳಿದರು. ಆಪರೇಷನ್ ಆದ ಮೇಲೆ ಅವರು ಅಷ್ಟು ಮಾತು ಒಟ್ಟಿಗೆ ಆಡಿದ್ದು ನಾನು ಕೇಳಿರಲಿಲ್ಲ. ಕೊನೆಕೊನೆಗೆ ದನಿ ಬರೀ ಗಾಳಿಯಾಯಿತು. ನನಗೆ ಬೇಕಾಗಿದ್ದು ಜರಿದದ್ದಲ್ಲ, ಅಪ್ಪ ನಕ್ಕಿದ್ದು ಅಂದೆ. ಅತ್ತೆ ಬಿಡಿಸಿದ ಕಾಳನ್ನು ಒಂದು ಸಲ ಕೈಯಾಡಿಸಿ, ಅದನ್ನು ನೀನು ನೆನೆಸಿಕೋ, ಬೇಡ ಅಂದವರು ಯಾರು ಅಂದರು. ನೆನೆಸಿಕೊಂಡರೆ ಬರುತ್ತಿದ್ದರೆ ನಾನು ಟೀವಿ ಮುಂದೆ ಕೂರುತ್ತಿದ್ದೆನೇ? 

ಮೈದುನನ ಹತ್ತಿರ ಇನ್ನೊಂದು ಪ್ರತಿ ಇತ್ತು. ಯಂತ್ರದಲ್ಲಿ ಇಟ್ಟದ್ದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಸಿಡಿಲಿಗೆ ಮನೆಯದೆಲ್ಲ ಸುಟ್ಟುಹೋದರೂ ಅದೊಂದು ಉಳಿಯಲಿ ಅಂತ ಎಸ್ಟೇಟಿನ ಆಫೀಸಿನ ಬೀರುವಿನಲ್ಲಿ ಇಟ್ಟಿದ್ದನಂತೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ನೀವು ತುಪ್ಪ ಹಾಕುವುದನ್ನೇ ನಿಲ್ಲಿಸಿದ್ದಿರಿ, ನಾನು ಏನು ಹೇಳಿದರೂ ನಂಬುವ ಹಾಗಿರಲಿಲ್ಲ ಅಂದ. ಅವತ್ತು ರಾತ್ರಿ ಅವನಿಗೆ ತುಪ್ಪ ಬಡಿಸಿದೆ.

ಡಿಸ್ಕ್ ತಂದ ದಿನ ಅವನು ಒಂದು ಉಪಾಯ ಹೇಳಿದ. ಜರಿದ ಭಾಗ ಕತ್ತರಿಸಿ ಎಸೆದು ನಗುವನ್ನಷ್ಟೇ ಇಟ್ಟರೆ ಅವ್ವನಿಗೂ ಸಮಾಧಾನ, ನಿಮಗೂ ಸಮಾಧಾನ. ಕತ್ತರಿಸಿ ಕೇಳಿಸಿದ. ಪೇಟವಿಲ್ಲದೆ, ಆರು ಮೊಟ್ಟೆಯಿಲ್ಲದೆ ಯಾರೋ ಒಬ್ಬ ಇದ್ದಕ್ಕಿದ್ದ ಹಾಗೆ ಕೆಮ್ಮಿದಂತೆ ನಕ್ಕು, ಐದೇ ಅಂದ. ಅದು ನಮ್ಮಪ್ಪನಲ್ಲ. ಪೂರ್ತಿ ಹಾಕು ಅಂದೆ. ಪೂರ್ತಿ ಹಾಕಿದಾಗ, ಪಂಕ್ತಿ ನಕ್ಕ ಮೇಲೂ ಟೇಪು ಇನ್ನೂ ಸ್ವಲ್ಪ ಓಡುತ್ತದೆಂದು ಮೊದಲ ಸಲ ಗಮನಿಸಿದೆ. ಬಕೆಟ್ಟಿನ ಸದ್ದು, ಸೌಟಿನ ಸದ್ದು. ಹಾಡುವವರ ಸದ್ದಿಲ್ಲ.

"ಬೇರೆ ಬೀಗರು ತಿರುಗಿ ಏನಂದ್ರೂ ಅವ್ವ ಅದರ ಮೇಲೊಂದು ಪದ ಹಾಕೈತೆ ಅತ್ತಿಗೆ. ನಿಮ್ಮಪ್ಪ ಅಂದಿದ್ದಕ್ಕೆ ಮಾತ್ರ ಏನೂ ಇಲ್ಲ. ಅವ್ವ ಸೋತಿರೋದು ಇದೊಂದೇ."

ಅವನು ಸುಮ್ಮನೆ ಹೇಳಿದ್ದು. ನನ್ನೊಳಗೆ ಅದು ಹೋಗಿ ಕೂತಿತು. ಸತ್ತವರನ್ನು ಜರಿಯಬಾರದು ಅನ್ನುವುದು ನಿಜವೇ ಇರಬಹುದು. ಆದರೂ ಮೂರು ಪದ ಒಂದೇ ಮಧ್ಯಾಹ್ನ ಅಳಿಸಿದಾಗ, ದಾಖಲೆಯ ಪ್ರಕಾರ, ಮೊದಲು ಹೋದದ್ದು ಅಪ್ಪನದು. ಅದು ಮೊದಲನೇ ಸಾಲಿನಲ್ಲಿ ಇರಲಿಲ್ಲ. ಅತ್ತೆ ಹುಡುಕಿಕೊಂಡು ಹೋಗಿದ್ದರು.

ಪದವನ್ನು ಮತ್ತೆ ಸರ್ವರಿಗೆ ಹಾಕಿಸಿದೆ. ಬೀಗರ ಸಾಲಿನಲ್ಲಲ್ಲ, ಬೇರೆ ಮೂಲೆಯಲ್ಲಿ, ಅಪ್ಪನ ಮುಖ ತೆಗೆಸಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ನಿನ ಚಿತ್ರ ಅಂಟಿಸಿ. ಓರಗಿತ್ತಿಯೂ ತನ್ನ ಮಾವನನ್ನು ಹಾಗೆಯೇ ಒಂದು ಸ್ಪ್ರೇ ಪಂಪಿನ ಹಿಂದೆ ಕೂರಿಸಿಕೊಂಡಳು. ಅವಳು ಈಗ ಕಾಫಿಯನ್ನು ಕೈಗೇ ಕೊಡುತ್ತಾಳೆ. ಎಲ್ಲೂ ಮತ್ತೆ ಇಟ್ಟಿಲ್ಲ ತಾನೇ ಅಂತ ಅತ್ತೆ ಒಮ್ಮೆ ಕೇಳಿದರು, ಇಲ್ಲವೆಂದೆ. ಅವರು ನನ್ನ ಮುಖವನ್ನು ನೋಡಿದ ರೀತಿಯಲ್ಲೇ ಅವರು ನಂಬಿಲ್ಲವೆಂದು ತಿಳಿಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಕೇಳುತ್ತಿದ್ದೆ, ಸೌಂಡ್ ಎರಡು ಗೆರೆಯಷ್ಟೇ ಇಟ್ಟುಕೊಂಡು, ಕಿಟಕಿಯಿಂದ ಅಂಗಳದ ಕಡೆ ಒಂದು ಕಣ್ಣಿಟ್ಟು.

ಆದರೆ ಆ ಯಂತ್ರಕ್ಕೆ ಗುಟ್ಟು ಗೊತ್ತಿಲ್ಲ. ಯಾವುದನ್ನು ಹೆಚ್ಚು ಕೇಳುತ್ತೇವೋ ಅದನ್ನು ತಾನಾಗಿ ತಂದು ಪರದೆಯ ಮೇಲಿನ ಸಾಲಿನಲ್ಲಿ ಇಡುತ್ತದೆ. ಮಾರ್ಚಿನ ಒಂದು ಮಧ್ಯಾಹ್ನ ಅತ್ತೆ ಟೀವಿ ಹಾಕಿದಾಗ ಎಲ್ಲಕ್ಕಿಂತ ಮುಂದೆ ಪಲ್ಪರ್ ನಿಂತಿತ್ತು. ಪಕ್ಕದಲ್ಲಿ ಎಷ್ಟು ಸಲ ಹಾಕಿದ್ದೆನ್ನುವ ಲೆಕ್ಕ. ಅಂಕೆಗಳು ದೊಡ್ಡದಾಗಿಯೇ ಇದ್ದವು.

"ಇದೇನಿದು?" ಅಂದರು.

"ಮಿಷನ್ ರಿಪೇರಿ ವಿಷಯ ಅತ್ತೆ."

"ರಿಪೇರೀನ ಹದಿನೇಳು ಸಲ ಕೇಳಿದ್ದೀಯಾ?"

ನಾನು ಸೀರೆಯ ಅಂಚನ್ನು ನೋಡುತ್ತಾ ಕೂತೆ. ಅವರ ಹೆಬ್ಬೆರಳು ನಡುವಿನ ಗುಂಡಿಯ ಮೇಲೆಯೇ ಇತ್ತು. ಒತ್ತಿ ಹಿಡಿದರೆ ಬುಟ್ಟಿ ಬರುತ್ತದೆ, ಸುಮ್ಮನೆ ಒತ್ತಿದರೆ ಅಪ್ಪ. ಎರಡನ್ನೂ ಮಾಡದೆ ರಿಮೋಟನ್ನು ನನ್ನ ಪಕ್ಕಕ್ಕಿಟ್ಟು, ಮಂಡಿಗೆ ಕೈ ಊರಿ ಎದ್ದರು.

"ಕಣದಾಗೆ ಮೆಣಸು ಕೈಯಾಡ್ಸಿ ಬರ್ತೀನಿ. ಅರ್ಧ ಗಂಟೆ ಆಯ್ತದೆ. ಏನು ರಿಪೇರಿ ಐತೋ ಮುಗಿಸ್ಕೊ."

ಬಾಗಿಲು ಅರ್ಧ ಮುಚ್ಚಿಕೊಂಡು ಹೋದರು. ಒಣಗಲು ಹಾಕಿದ ಮೆಣಸನ್ನು ಕಾಲಿನಲ್ಲಿ ಎಳೆದರೆ ಒಂದು ಸದ್ದು ಬರುತ್ತದೆ, ಈ ಕೋಣೆಯವರೆಗೂ ಕೇಳುತ್ತದೆ. ನಾನು ಕಾದೆ. ಆ ಸದ್ದು ಬರಲಿಲ್ಲ. ಬಾಗಿಲ ಕೆಳಗಿನ ಬೆಳಕಿನಲ್ಲಿ ಎರಡು ಪಾದದಷ್ಟು ಜಾಗ ಕಪ್ಪಾಗಿತ್ತು; ಅದು ಪಾದವೋ, ಅಲ್ಲಿ ಯಾವಾಗಲೂ ಇರುವ ಗೋಣಿಯ ನೆರಳೋ ಹೇಳಲಾರೆ.

ಪದ ಹಾಕಿದೆ. ಸೌಂಡನ್ನು ಎರಡು ಗೆರೆಯಿಂದ ಎಂಟಕ್ಕೆ ಏರಿಸಿದೆ.